ಸ್ಕೋಪ್ ಏನು ಮೇಡಂ?

ಬಿಎಸ್ಸಿ ಓದುವ ಮಕ್ಕಳ ಎದುರು ಕುಳಿತರೆ ಮೊದಲ ಹತ್ತು ನಿಮಿಷದೊಳಗೆ ಬಂದೇ ಬರುವ ಪದ 'ಸ್ಕೋಪ್'. ಕೆಮಿಸ್ಟ್ರಿಗೆ ಸ್ಕೋಪ್ ಇದೆಯಾ? ಮೈಕ್ರೋಬಯಾಲಜಿಗೆ ಸ್ಕೋಪ್ ಹೋಯ್ತಂತೆ, ಹೌದಾ? ಮ್ಯಾಥ್ಸ್ ತಗೊಂಡು ತಪ್ಪು ಮಾಡಿದ್ನಾ? ಇಂಗ್ಲಿಷಿನ ಪದವೇನೋ ಹೌದು, ಆದರೆ ಈ ಅರ್ಥ ನಮ್ಮದೇ. ಸಂಬಳ, ಭದ್ರತೆ, ಮದುವೆಯ ಮಾರ್ಕೆಟ್ಟು, ನೆಂಟರ ಎದುರಿನ ಮರ್ಯಾದೆ ಎಲ್ಲವನ್ನೂ ನಾವು ಈ ಒಂದು ಪದದಲ್ಲಿ ತುಂಬಿಟ್ಟಿದ್ದೇವೆ. 2005ರಲ್ಲಿ ಗದಗಿನಲ್ಲಿ ನಾನು ಬಿಎಸ್ಸಿ ಸೇರಿದಾಗ ನಮ್ಮ ಸೋದರಮಾವ ಕೇಳಿದ್ದೂ ಇದನ್ನೇ. ಇಪ್ಪತ್ತು ವರ್ಷದ ನಂತರ ಪುಣೆಯಲ್ಲಿ, ಮರಾಠಿಯಲ್ಲಿ, ಅದೇ ಪ್ರಶ್ನೆ, ಅದೇ ಪದ.

ಈ ಅಂಕಣದಲ್ಲಿ ಹಿಂದೊಮ್ಮೆ ಪುಣೆಯ ಬಾಡಿಗೆ ಮನೆಗಳ ಬಗ್ಗೆ ಬರೆಯುವಾಗ, ಶನಿವಾರ ಮಧ್ಯಾಹ್ನ ನಾನು ಯಾರ ಕೈಗೂ ಸಿಗುವುದಿಲ್ಲ ಎಂದು ಒಂದು ಸಾಲು ಬರೆದಿದ್ದೆ. ಎಲ್ಲಿ ಹೋಗ್ತೀರಿ ಎಂದು ಇಬ್ಬರು ಓದುಗರು ಕೇಳಿದ್ದರು. ಉತ್ತರ ಇದು: ತಿಂಗಳಿಗೆ ಎರಡು ಶನಿವಾರ ಒಂದು ಕಾಲೇಜಿನ ಲೈಬ್ರರಿಯ ಮೂಲೆಯಲ್ಲಿ ಆರು ಜನ ವಿಜ್ಞಾನ ವಿದ್ಯಾರ್ಥಿಗಳ ಜೊತೆ ಕುಳಿತಿರುತ್ತೇನೆ. ನಮ್ಮ ಕಂಪನಿಯ ಸ್ವಯಂಸೇವಾ ಕಾರ್ಯಕ್ರಮದ ಮೂಲಕ ಒಂದು ಸಂಸ್ಥೆ ಈ ಗುಂಪನ್ನು ನನಗೆ ಕೊಟ್ಟಿತು. ಎರಡು ವರ್ಷ ದಾಟಿತು. ಹೆಸರಿಗೆ ಕೆರಿಯರ್ ಮೆಂಟರ್.

ಆ ಸಂಸ್ಥೆ ಮೊದಲ ದಿನವೇ ಒಂದು ಫಾರ್ಮ್ ಕಳಿಸುತ್ತದೆ. ವಿದ್ಯಾರ್ಥಿಯ ಬಲಗಳು, ದೌರ್ಬಲ್ಯಗಳು, ಐದು ವರ್ಷದ ನಂತರ ತನ್ನನ್ನು ಎಲ್ಲಿ ಕಾಣಬಯಸುತ್ತಾನೆ ಇತ್ಯಾದಿ. ಒಬ್ಬ ಹುಡುಗ ಆ ಕೊನೆಯ ಪ್ರಶ್ನೆಗೆ 'ಪುಣೆಯಲ್ಲೇ' ಎಂದು ಬರೆದಿದ್ದ. ನನಗಂತೂ ಅದಕ್ಕಿಂತ ಪ್ರಾಮಾಣಿಕ ಉತ್ತರ ಬೇರೆ ಕಾಣಲಿಲ್ಲ. ನಮ್ಮ ಆಫೀಸಿನಲ್ಲಿ ಹದಿನೈದು ವರ್ಷ ಸರ್ವೀಸ್ ಆದವರೇ ಅಪ್ರೈಸಲ್ ಹೊತ್ತಿನಲ್ಲಿ ಆ ಪ್ರಶ್ನೆಗೆ ಸುಳ್ಳು ಬರೆಯುತ್ತಾರೆ, ಹತ್ತೊಂಬತ್ತರ ಹುಡುಗನಿಂದ ಏನು ಬರೆಸುವುದು? ಫಾರ್ಮನ್ನು ಪಕ್ಕಕ್ಕಿಟ್ಟು, ನಿನ್ನೆ ಪ್ರಾಕ್ಟಿಕಲ್‌ನಲ್ಲಿ ಏನು ಮಾಡಿದಿರಿ ಹೇಳಿ ಎಂದು ಶುರುಮಾಡಿದೆ. ಅಲ್ಲಿಂದ ಮಾತು ಹೊರಟಿತು.

ನಾನು ಧಾರವಾಡದಲ್ಲಿ ಫಿಸಿಕ್ಸ್ ಎಂಎಸ್ಸಿ ಮುಗಿಸಿ ಸಾಫ್ಟ್‌ವೇರಿಗೆ ಬಂದವಳು. ಹಾಗಾಗಿ ವಿಜ್ಞಾನದ ದಾರಿ ಹೇಳಲು ನಾನು ಯಾರು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಮಕ್ಕಳಿಗೆ ಕಡಿಮೆ ಬಿದ್ದಿರುವುದು ವಿಜ್ಞಾನ ಅಲ್ಲ ಎಂಬುದು ಎರಡನೇ ಶನಿವಾರವೇ ಗೊತ್ತಾಯಿತು. ಕಡಿಮೆ ಬಿದ್ದಿರುವುದು ಕ್ಯಾಲೆಂಡರ್.

ಉದಾಹರಣೆಗೆ ಐಐಟಿಗಳ ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. (ಹಿಂಜವಡಿಯಲ್ಲಿ ದಿನಾ ಸಂಜೆ ಸಿಕ್ಕಿಹಾಕಿಕೊಳ್ಳುವ ಜಾಮ್ ಅಲ್ಲ.) ಏಳು ವಿಷಯಗಳಲ್ಲಿ ನಡೆಯುತ್ತದೆ, ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಇದರ ಅಂಕದ ಮೇಲೆ ಐಐಟಿಗಳಲ್ಲಿ ಸುಮಾರು 3,000 ಸೀಟು, ಎನ್ಐಟಿ ಮುಂತಾದ ಕಡೆ ಇನ್ನಷ್ಟು. ಬೆಂಗಳೂರಿನ ಐಐಎಸ್ಸಿಯಲ್ಲೂ ಪುಣೆಯ ಐಸರ್‌ನಲ್ಲೂ ಬಿಎಸ್ಸಿ ಆದಮೇಲೆ ನೇರ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಇದೇ ಬಾಗಿಲು. ಪರೀಕ್ಷೆ ಫೆಬ್ರವರಿಯಲ್ಲಿ. ಆದರೆ ಅರ್ಜಿ ಹಾಕಬೇಕಾದದ್ದು ಹಿಂದಿನ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ಮಕ್ಕಳ ಲೆಕ್ಕ ಹೇಗಿರುತ್ತದೆ? ಮೂರನೇ ವರ್ಷದ ರಿಸಲ್ಟ್ ಜೂನ್‌ನಲ್ಲಿ ಬರಲಿ, ಆಮೇಲೆ ನೋಡೋಣ. ಜೂನ್‌ನಲ್ಲಿ ನೋಡಿದಾಗ ಬಾಗಿಲು ಮುಚ್ಚಿ ಎಂಟು ತಿಂಗಳಾಗಿರುತ್ತದೆ. ಆಗ ಉಳಿಯುವುದು ಹತ್ತಿರದ ಕಾಲೇಜು, ಇಲ್ಲವೇ ಬಿಎಡ್, ಇಲ್ಲವೇ ಕಣ್ಣಿಗೆ ಬಿದ್ದ ಯಾವುದೋ ಕೋರ್ಸು. ದಡ್ಡತನದಿಂದಲ್ಲ, ತಾರೀಖು ಗೊತ್ತಿಲ್ಲದ್ದರಿಂದ ಒಂದು ವರ್ಷ ಹೋಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಒಂದು ವರ್ಷ ಬರೀ ಒಂದು ವರ್ಷವಾಗಿ ಉಳಿಯುವುದಿಲ್ಲ, ನಿಮಗೆ ಗೊತ್ತೇ ಇದೆ.

ಇನ್‌ಸ್ಪೈರ್ ಸ್ಕಾಲರ್‌ಶಿಪ್ಪಿನದೂ ಅದೇ ಕಥೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ ಒಂದರಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವಂಥದ್ದು. ವರ್ಷಕ್ಕೆ 80,000 ರೂಪಾಯಿ: 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ನನ್ನ ಮೊದಲ ಗುಂಪಿನಲ್ಲಿ ಆ ಮಟ್ಟದ ಅಂಕ ಪಡೆದವನೊಬ್ಬನಿದ್ದ. ಅರ್ಜಿಯನ್ನೇ ಹಾಕಿರಲಿಲ್ಲ. ಯಾರೂ ಹೇಳಲಿಲ್ಲ ಮೇಡಂ ಎಂದ. ಮನೆಯಲ್ಲಿ ಹೇಳುವವರಿಲ್ಲ ಸರಿ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಗ್ಯಾದರಿಂಗ್ ಡ್ಯಾನ್ಸ್ ಆಡಿಷನ್ ತಾರೀಖು ಮಾತ್ರ ದೊಡ್ಡದಾಗಿ ಇತ್ತು.

ಇನ್ನೊಂದು ವಿಚಿತ್ರ. ಪಾಷಾಣದ ಕಡೆ ಹೋಗುವ ರಸ್ತೆಯಲ್ಲಿ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿ, ಐಸರ್ ಎರಡೂ ಅಕ್ಕಪಕ್ಕ. ಕೆಮಿಸ್ಟ್ರಿ ಓದುವವರಿಗೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಬೀದಿ ಇನ್ನೊಂದು ಇರುವುದು ಕಷ್ಟ. ನನ್ನ ಆರು ಜನರಲ್ಲಿ ಮೂವರು ಆ ರಸ್ತೆಯಲ್ಲೇ ಬಸ್ಸಿನಲ್ಲಿ ಓಡಾಡುತ್ತಿದ್ದರು, ಒಬ್ಬರೂ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ನಮ್ಮಂಥವರನ್ನು ಬಿಡ್ತಾರಾ ಎಂಬುದು ಅವರ ಸಂಶಯ. ಅದಕ್ಕೇ ಕಳೆದ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಎಲ್ಲರನ್ನೂ ನಾರಾಯಣಗಾಂವ್ ಹತ್ತಿರದ ಖೋಡದದ ರೇಡಿಯೋ ದೂರದರ್ಶಕ ನೋಡಲು ಕರೆದೊಯ್ದೆ. ಆಗ ಸಾರ್ವಜನಿಕರಿಗೆ ಪ್ರವೇಶ ಇರುತ್ತದೆ. ತಲಾ 45 ಮೀಟರ್ ವ್ಯಾಸದ 30 ಬಟ್ಟಲುಗಳು ದ್ರಾಕ್ಷಿ ತೋಟ, ಈರುಳ್ಳಿ ಹೊಲಗಳ ಸೀಮೆಯಲ್ಲಿ ಆಕಾಶಕ್ಕೆ ಮುಖಮಾಡಿ ನಿಂತಿವೆ. ಮಕ್ಕಳು ನಕ್ಷತ್ರಗಳ ಬಗ್ಗೆ ಕೇಳುತ್ತಾರೆಂದುಕೊಂಡಿದ್ದೆ. ಇವನ್ನೆಲ್ಲ ರಿಪೇರಿ ಮಾಡುವವರು ಏನು ಓದಿರುತ್ತಾರೆ ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ ಅನ್ನಿಸಿತು.

ನಮ್ಮ ಕ್ಷೇತ್ರದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಐಟಿಯವಳು ಎಂದು ತಿಳಿದ ಕೂಡಲೇ ಆರರಲ್ಲಿ ನಾಲ್ವರು ಡೇಟಾ ಸೈನ್ಸ್ ಎಂದರು. ಬಾಟನಿ ಓದುವ ಹುಡುಗನೂ ಡೇಟಾ ಸೈನ್ಸ್. ಯಾಕಪ್ಪಾ ಎಂದರೆ ಬಸ್ ಸ್ಟಾಪಿನ ಜಾಹೀರಾತು. ಆರು ತಿಂಗಳ ಕ್ಲಾಸು, ಲಕ್ಷಕ್ಕೆ ಹತ್ತಿರದ ಫೀಸು, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಭರವಸೆ. ನಾನು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕುಳಿತುಕೊಳ್ಳುವವಳು. ಆ ಸರ್ಟಿಫಿಕೇಟ್ ನೋಡಿ ನಾವು ಯಾರನ್ನೂ ತೆಗೆದುಕೊಂಡಿಲ್ಲ ಎಂದು ನೇರವಾಗಿ ಹೇಳಿದೆ. ಐಟಿ ಬೇಕೇ ಬೇಕೆಂದರೆ ಬಿಎಸ್ಸಿಯವರಿಗೆ ದೊಡ್ಡ ಕಂಪನಿಗಳ ನೇರ ದಾರಿಗಳೇ ಇವೆ. ವಿಪ್ರೋ ಬಹಳ ವರ್ಷಗಳಿಂದ ಬಿಎಸ್ಸಿ, ಬಿಸಿಎ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಡುತ್ತಲೇ ಮುಂದೆ ಓದಿಸುತ್ತಾ ಬಂದಿದೆ. ಲಕ್ಷ ರೂಪಾಯಿ ಕೊಟ್ಟು ಸೇರುವ ಮೊದಲು ಅದನ್ನಾದರೂ ನೋಡಿ ಎಂದೆ. ಇಬ್ಬರು ಕೇಳಿದರು, ಇಬ್ಬರು ಕ್ಲಾಸಿಗೆ ಸೇರಿದರು.

ಈಗ ಜತ್ತದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ, ಹಾಗೇ ಕರೆಯೋಣ. ಇದನ್ನು ಬರೆಯುತ್ತೇನೆ ಎಂದಾಗ ಬರೀರಿ, ಆದ್ರ ಹೆಸರು ಹಾಕಬ್ಯಾಡ್ರಿ ಎಂದಿದ್ದಾಳೆ.

ಮೊದಲ ಮೂರು ಭೇಟಿಗಳಲ್ಲಿ ಆಕೆ ಬಾಯಿ ಬಿಟ್ಟಿರಲಿಲ್ಲ. ಕೆಮಿಸ್ಟ್ರಿ, ಎರಡನೇ ವರ್ಷ. ನಾಲ್ಕನೇ ಸಲ ನಡುವೆ ಅಮ್ಮನ ಫೋನ್ ಬಂತು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ, ಗುಳಿಗಿ ತಗೊಂಡಿ ಇಲ್ಲೋ ಎಂದು ಎರಡು ನಿಮಿಷ ಗದಗಿನ ಮಾತಾಡಿ ವಾಪಸ್ ಬಂದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಎಲ್ಲ ಮುಗಿದು ಉಳಿದವರು ಹೊರಟಮೇಲೆ ಬಾಗಿಲ ಹತ್ತಿರ ನಿಂತು, "ಮೇಡಂ, ನೀವು ಕನ್ನಡದವ್ರೇನ್ರಿ?" ಎಂದಳು.

ಜತ್ತ ಸಾಂಗಲಿ ಜಿಲ್ಲೆಯ ತಾಲ್ಲೂಕು. ಆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆಯೂ ಕನ್ನಡ. ಹತ್ತನೇ ತರಗತಿವರೆಗೆ ಆಕೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆ ಪುಸ್ತಕಗಳನ್ನು ತಯಾರಿಸುವುದು ಇಲ್ಲೇ ಪುಣೆಯ ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿ, ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕ ಮಂಡಳಿ. ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ನಮ್ಮ ಪುಣೆಯ ಕನ್ನಡಿಗರಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ ಕಾಣೆ, ನನಗೆ ಆಕೆಯಿಂದಲೇ ಗೊತ್ತಾಗಿದ್ದು. ಆಮೇಲೆ ಹನ್ನೊಂದನೇ ತರಗತಿಗೆ ಒಮ್ಮೆಲೇ ಇಂಗ್ಲಿಷ್, ಸುತ್ತ ಮರಾಠಿ. ದ್ರವ್ಯರಾಶಿ ಮಾಸ್ ಆಯಿತು, ವೇಗೋತ್ಕರ್ಷ ಆಕ್ಸಲರೇಷನ್ ಆಯಿತು. ಆ ಕಷ್ಟ ನನಗೆ ಯಾರೂ ವಿವರಿಸಬೇಕಾಗಿಲ್ಲ, ನನ್ನ ಪಿಯುಸಿಯ ಮೊದಲ ಆರು ತಿಂಗಳೂ ಹಾಗೇ ಹೋದದ್ದು. ಮೇಡಂ ಹೋಗಿ ಅಕ್ಕ ಆದೆ.

ಆ ಚಳಿಗಾಲದಲ್ಲಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಆಕೆಯಿಂದ ಅರ್ಜಿ ಹಾಕಿಸಬೇಕೆಂದುಕೊಂಡೆ. ಬೆಂಗಳೂರಿನಲ್ಲಿ 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಅಕಾಡೆಮಿ ಅವುಗಳಲ್ಲೊಂದು. ಆಯ್ಕೆಯಾದರೆ ಬೇಸಿಗೆಯ ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ, ತಿಂಗಳ ಭತ್ಯೆ, ರೈಲಿನ ಖರ್ಚು. ಅರ್ಜಿಯ ಜೊತೆ ಏನು ಮಾಡಬೇಕೆಂದಿದ್ದೀ, ಯಾಕೆ ಎಂದು ಒಂದು ಬರಹ ಕೊಡಬೇಕು. ಆಕೆ ತಂದ ಮೊದಲ ಪ್ರತಿಯಲ್ಲಿ, ಬಾಲ್ಯದಿಂದಲೂ ತನಗೆ ರಸಾಯನಶಾಸ್ತ್ರದಲ್ಲಿ ಅದಮ್ಯ ಆಸಕ್ತಿ ಎಂದು ಚಂದದ ಇಂಗ್ಲಿಷಿನಲ್ಲಿ ಇತ್ತು. ಎಲ್ಲಿಂದ ಇಳಿಸಿದ್ದು ಎಂದೆ. ನಕ್ಕಳು.

"ಇದನ್ನ ಬಿಡು. ನೀನ ಸ್ವತಃ ಮಾಡಿದ ಒಂದು ಪ್ರಯೋಗ ಹೇಳು. ಸಿಲಬಸ್‌ದಾಗ ಇರಲಿ, ಇಲ್ಲದಿರಲಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಡಸು ನೀರಿಂದು ಒಂದು ಮಾಡೀನಿ ಅಕ್ಕಾ, ಆದ್ರ ಅದೇನ್ ದೊಡ್ಡದಲ್ಲ" ಎಂದಳು.

ನೀರಿನ ಗಡಸುತನ ಅಳೆಯುವ ಪ್ರಯೋಗ ಬಿಎಸ್ಸಿ ಕೆಮಿಸ್ಟ್ರಿ ಓದಿದ ಎಲ್ಲರೂ ಮಾಡಿರುತ್ತಾರೆ. ನೀರಿಗೆ ಅಮೋನಿಯಾ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಸೂಚಕ ಬೆರೆಸಿದರೆ ದ್ರಾಕ್ಷಾರಸದ ಕೆಂಪು ಬರುತ್ತದೆ. ಬ್ಯುರೆಟ್ಟಿನಿಂದ ಹನಿಹನಿಯಾಗಿ ಇಡಿಟಿಎ ಬಿಡುತ್ತಾ ಹೋದರೆ ಒಂದು ಹನಿಗೆ ಥಟ್ಟನೆ ನೀಲಿ. ಎಷ್ಟು ಹನಿ ಬೇಕಾಯಿತು ಎಂಬುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂದು ಲೆಕ್ಕ. ಕಾಲೇಜಿನಲ್ಲಿ ಕೊಟ್ಟ ನೀರಿನಲ್ಲಿ ಇದನ್ನು ಮಾಡಿದ ಮೇಲೆ ಈ ಹುಡುಗಿ ದೀಪಾವಳಿಗೆ ಊರಿಗೆ ಹೋದವಳು ತಮ್ಮ ಹೊಲದ ಬೋರಿನ ನೀರನ್ನು ಕೋಲ್ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದಿದ್ದಾಳೆ. ಲ್ಯಾಬ್ ಅಟೆಂಡರನ್ನು ಕಾಡಿ ಬೇಡಿ ಸಂಜೆ ಒಂದು ಗಂಟೆ ಲ್ಯಾಬು ತೆಗೆಸಿದ್ದಾಳೆ. ಉತ್ತರ ಲೀಟರಿಗೆ 700 ಮಿಲಿಗ್ರಾಂ ಆಸುಪಾಸು ಬಂತು. ಕುಡಿಯುವ ನೀರಿನಲ್ಲಿ ಗಡಸುತನ 200 ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಲ್ಯಾಬಿನಲ್ಲಿದ್ದ ಸರ್, ಬಾಟಲಿ ಕೊಳಕಿರಬೇಕು ಎಂದರಂತೆ. ಸಂಕ್ರಾಂತಿಗೆ ಹೋದಾಗ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದ ಬಾಟಲಿ ಒಯ್ದಳು. ಈ ಸಲ ಬೋರಿನದೊಂದು, ಗುಡಿಯ ಬಾವಿಯದೊಂದು, ಟ್ಯಾಂಕರಿನದೊಂದು. ಮೂರನ್ನೂ ಮೂರು ಮೂರು ಸಲ ಮಾಡಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾಳೆ. ಇದೇನ್ ದೊಡ್ಡದಲ್ಲವಂತೆ!

ಅವತ್ತು ಲೈಬ್ರರಿ ಮುಚ್ಚುವವರೆಗೆ ಆಕೆ ಕನ್ನಡದಲ್ಲಿ ಹೇಳಿದಳು, ನಾನು ಕೇಳಿದೆ. ನಂತರದ ಎರಡು ವಾರ ಅದನ್ನೇ ಆಕೆ ತನ್ನ ಇಂಗ್ಲಿಷಿನಲ್ಲಿ ಬರೆದಳು. ನಾನು ಕಾಗುಣಿತ, ಕ್ರಿಯಾಪದ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಬೋರ್, ಬಾವಿ, ಟ್ಯಾಂಕರ್ ಮೂರರ ಅಂಕಿಗಳು ಇದ್ದವು, ಬಾಟಲಿ ತೊಳೆದ ವಿಷಯ ಇತ್ತು. ಬಾಲ್ಯದ ಆಸಕ್ತಿ ಇರಲಿಲ್ಲ. ಏಪ್ರಿಲ್‌ನಲ್ಲಿ ಆಯ್ಕೆಯ ಪತ್ರ ಬಂತು, ಹೈದರಾಬಾದಿನ ಒಂದು ಪ್ರಯೋಗಾಲಯ.

ಆಗ ಆಕೆಯ ಅಪ್ಪ ಫೋನ್ ಮಾಡಿದರು.

"ನಮಸ್ಕಾರ್ರೀ ಅಕ್ಕೋರ. ಹೈದ್ರಾಬಾದಿಗೆ ಹೋಗ್ತೀನಿ ಅಂತಾಳ. ಅದಕ್ಕ ಎಷ್ಟ್ ತುಂಬಬೇಕ್ರಿ?"

"ತುಂಬೋದಲ್ರಿ ಕಾಕಾ. ಅವ್ರ ಕೊಡ್ತಾರ."

"ಕಲಿಯಾಕ ಅವ್ರ ರೊಕ್ಕ ಕೊಡ್ತಾರ?" ಸ್ವಲ್ಪ ಹೊತ್ತು ಸದ್ದಿಲ್ಲ. "ಯಾಕ್ರಿ?"

ಹದಿನೈದು ವರ್ಷದ ನೌಕರಿಯಲ್ಲಿ ನನ್ನನ್ನು ಇಷ್ಟು ತಬ್ಬಿಬ್ಬು ಮಾಡಿದ ಪ್ರಶ್ನೆ ಕಡಿಮೆ. ಅವರು ಮೋಸದ ಸಂಶಯದಿಂದ ಕೇಳಿದ್ದರು, ಅದೂ ಸರಿಯೇ, ಪುಕ್ಕಟೆ ಎಂದು ಕರೆದು ದೋಚುವವರನ್ನು ಅವರು ಕಂಡಿರುತ್ತಾರೆ. ನಾನು ನಿಧಾನಕ್ಕೆ ಹೇಳಿದೆ. ದೇಶಕ್ಕೆ ಸಂಶೋಧನೆ ಮಾಡುವವರು ಬೇಕು, ಅದಕ್ಕೆ ಸರ್ಕಾರ ಖರ್ಚು ಮಾಡುತ್ತದೆ. ಎಂಎಸ್ಸಿ ಆದಮೇಲೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000, ಮನೆ ಬಾಡಿಗೆ ಬೇರೆ. ಪಿಎಚ್‌ಡಿ ಎಂದರೆ ಅಪ್ಪ ಇನ್ನೂ ಐದು ವರ್ಷ ಫೀಸು ಕಟ್ಟುವುದಲ್ಲ. ಅವರು ಕೇಳಿಸಿಕೊಂಡು, "ನಮ್ಮ ಬೋರಿನ ನೀರು ಬರೋಬರಿ ಇಲ್ಲಂತ ಆಕಿ ಪರೀಕ್ಷಾ ಮಾಡಿ ಹೇಳಿದ್ಲ್ರಿ. ನಮಗ ಮದ್ಲ ಗೊತ್ತಿತ್ತು. ಬ್ಯಾಳಿ ಬೇಯಂಗಿಲ್ಲ" ಎಂದರು. ನಕ್ಕೆವು. ಎರಡು ತಿಂಗಳಾದ ಮೇಲೆ ವಾಪಸ್ ಬರ್ತಾಳಲ್ರಿ ಎಂದು ಮೂರು ಸಲ ಕೇಳಿ ಕಳಿಸಿಕೊಟ್ಟರು.

ಹೈದರಾಬಾದಿನಿಂದ ಬಂದವಳು ಬೇರೆಯೇ ಹುಡುಗಿ ಎಂದೇನೂ ಬರೆಯುವುದಿಲ್ಲ. ಹಾಗೇ ಇದ್ದಳು. ಆದರೆ ಪುಸ್ತಕದಲ್ಲಷ್ಟೇ ನೋಡಿದ್ದ ಎಚ್‌ಪಿಎಲ್‌ಸಿ ಯಂತ್ರವನ್ನು ಎರಡು ತಿಂಗಳು ತಾನೇ ನಡೆಸಿದ್ದಳು. ಮಾತ್ರೆಯಲ್ಲಿ ಔಷಧ ಇರಬೇಕಾದಷ್ಟೇ ಇದೆಯೇ ಎಂದು ನೋಡಲು ಎಲ್ಲ ಔಷಧ ಕಂಪನಿಗಳೂ ಬಳಸುವ ಯಂತ್ರ ಅದು. ಅಕ್ಟೋಬರಿನೊಳಗೆ ಜಾಮ್ ಅರ್ಜಿ ಹೋಯಿತು. ಹೆಣ್ಣುಮಕ್ಕಳಿಗೆ ಶುಲ್ಕ ಅರ್ಧ, ಅದೂ ಗೊತ್ತಿರಬೇಕಾದ ವಿಷಯ. ಮುಂದಿನ ಮಾರ್ಚಿನಲ್ಲಿ ಬಂದ ರ‍್ಯಾಂಕು ಐಐಟಿಗೆ ಸಾಲಲಿಲ್ಲ. ಕೌನ್ಸೆಲಿಂಗ್‌ನಲ್ಲಿ ಸುರತ್ಕಲ್‌ನ ಎನ್ಐಟಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿತು. ನಾನು ಆಫೀಸಿನಲ್ಲಿ ಸಿಹಿ ಹಂಚಿದೆ.

ಸೀಟಿನ ಬೆನ್ನಿಗೇ ದುಡ್ಡಿನ ಮಾತು ಬಂತು. ಪಿಎಂ ವಿದ್ಯಾಲಕ್ಷ್ಮಿ ಯೋಜನೆ 2024ರ ನವೆಂಬರಿನಲ್ಲಿ ಬಂದಿದೆ. ಇಂಥ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಬ್ಯಾಂಕ್ ಸಾಲ, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ಸರ್ಕಾರದ್ದು. ಕಾಗದವೆಲ್ಲ ತೆಗೆದಿಟ್ಟುಕೊಂಡು ಅವರಪ್ಪನಿಗೆ ಫೋನ್ ಮಾಡಿದೆ. ಹೊಲ ಅಡವಿಡುವುದು ಬೇಕಿಲ್ಲ ಎಂದೆ. ಅವರು ಪೂರ್ತಿ ಕೇಳಿದರು. "ಅಕ್ಕೋರ, ನೀವು ಹೇಳೂದು ಖರೇ ಇರ್ಬೇಕು. ಆದ್ರ ಸಾಲ ಅಂದ್ರ ಏನಂತ ನನಗ ಗೊತ್ತದ. ಆಕಿ ಹೆಸರ‍್ಲೆ ಸಾಲ ಮಾಡಿ ಆಕೀನ ಲಗ್ನ ಮಾಡಿ ಕೊಡೂದು ಹ್ಯಾಂಗ್ರಿ?" ದಾಳಿಂಬೆಗೆ ರೋಗ ಬಂದ ವರ್ಷದ ಬಾಕಿ ಇನ್ನೂ ತೀರಿಲ್ಲ ಎಂದು ಆಕೆ ಹೇಳಿದ್ದಳು. ಆ ಮನುಷ್ಯನಿಗೆ ಬಡ್ಡಿ ರಿಯಾಯಿತಿಯ ಶೇಕಡಾವಾರು ಹೇಳುತ್ತಾ ಕುಳಿತುಕೊಳ್ಳಲು ನನಗೆ ನಾಲಿಗೆ ಏಳಲಿಲ್ಲ. ತಮ್ಮ ಆಗಷ್ಟೇ ಹನ್ನೆರಡನೆಯದಕ್ಕೆ ಬಂದಿದ್ದ.

ನಾನು ಸ್ವಲ್ಪ ದುಡ್ಡು ಹಾಕಲೇ ಎಂದು ಕೇಳಿದೆ. ಬೇಡವೆಂದಳು. ಹೈದರಾಬಾದಿನ ಸರ್ಟಿಫಿಕೇಟು ನೋಡಿ ದೌಂಡ್ ಹತ್ತಿರದ ಕುರಕುಂಭದ ರಾಸಾಯನಿಕ ವಲಯದ ಒಂದು ಕಂಪನಿ ಗುಣಪರೀಕ್ಷೆ ವಿಭಾಗದಲ್ಲಿ ಕೆಲಸ ಕೊಟ್ಟಿತು. ಕೈಗೆ ಹದಿನೇಳು ಸಾವಿರ, ಬಸ್ ಕಂಪನಿಯದು. ಎಚ್‌ಪಿಎಲ್‌ಸಿ ನಡೆಸಲು ಬರುತ್ತದೆ ಎಂಬ ಕಾರಣಕ್ಕೆ ಜೊತೆಗೆ ಸೇರಿದವರಿಗಿಂತ ಎರಡು ಸಾವಿರ ಹೆಚ್ಚು. ಸುರತ್ಕಲ್‌ನ ಸೀಟು ಬಿಟ್ಟಳು. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ. ಎರಡು ವರ್ಷ ಹೇಗೋ ಕಳೆದಿದ್ದರೆ ಆಮೇಲಿನ ದಾರಿ ಸಲೀಸಿತ್ತು ಎಂದೇ ನನ್ನ ವಾದ. ಆಕೆ ಕೇಳಿ, "ಅಕ್ಕಾ, ನೀವು ಹೇಳೂದು ಎರಡು ವರ್ಷದ ಲೆಕ್ಕ. ಮನ್ಯಾಗ ಈ ತಿಂಗಳದ ಲೆಕ್ಕ ಐತಿ" ಎಂದಳು.

ಸಂಸ್ಥೆಯ ವರ್ಷದ ಕೊನೆಯ ಫಾರ್ಮಿನಲ್ಲಿ ಪ್ರತಿ ವಿದ್ಯಾರ್ಥಿಯ ಮುಂದೆ ಎರಡೇ ಚೌಕ: ಉನ್ನತ ಶಿಕ್ಷಣ, ಉದ್ಯೋಗ. ಆಕೆಯ ಮುಂದೆ ಎರಡನೆಯದಕ್ಕೆ ಗುರುತು ಹಾಕಿದೆ. ಅವರ ಲೆಕ್ಕದಲ್ಲಿ ಅದು ಯಶಸ್ಸು, ಕ್ಲಾಸಿಗೆ ಲಕ್ಷ ಸುರಿದು ಈಗ ಕಾಲ್ ಸೆಂಟರಿನಲ್ಲಿರುವ ಹುಡುಗನದೂ ಯಶಸ್ಸು.

ಅಕ್ಟೋಬರಿನಲ್ಲಿ, ನಾನು ನೆನಪಿಸುವ ಮೊದಲೇ, ಆಕೆ ತನ್ನ ಸಂಬಳದಿಂದ ಮತ್ತೆ ಜಾಮ್ ಅರ್ಜಿ ಕಟ್ಟಿದ್ದಾಳೆ. ರಾತ್ರಿ ಪಾಳಿಯಲ್ಲಿ ಒಂದು ಸ್ಯಾಂಪಲ್ ಓಡಿ ಮುಗಿಯಲು ಇಪ್ಪತ್ತು, ಮೂವತ್ತು ನಿಮಿಷ ಹಿಡಿಯುತ್ತದಂತೆ, ಆ ಹೊತ್ತಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾಳೆ. ಬಿಡಿಸಲಾಗದ್ದನ್ನು ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ನನ್ನ ಕೈಗೆ ಬಗ್ಗುವಂಥದ್ದಲ್ಲ. ಐಸರ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ಶಿರಸಿಯ ಹುಡುಗನೊಬ್ಬ ಪುಣೆಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಿಕ್ಕಿದ್ದ. ಅವನಿಗೆ ದಾಟಿಸುತ್ತೇನೆ. ಅವನು ಕನ್ನಡದಲ್ಲೇ ವಿವರಿಸಿ ಧ್ವನಿ ಸಂದೇಶ ಕಳಿಸುತ್ತಾನೆ, ಅದನ್ನು ಆಕೆಗೆ ದಾಟಿಸುತ್ತೇನೆ. ನಡುವೆ ಕುಳಿತು ನಾನೂ ಒಂದಿಷ್ಟು ಕಲಿಯುತ್ತಿದ್ದೇನೆ.

ನಿಮ್ಮಲ್ಲಿ ಹೈದರಾಬಾದ್, ಚೆನ್ನೈ, ಮುಂಬೈ, ದೆಹಲಿಯ ಪ್ರಯೋಗಾಲಯಗಳಲ್ಲಿ, ಔಷಧ ಕಂಪನಿಗಳಲ್ಲಿ ಇರುವವರು ಬಹಳ ಜನ ಇದ್ದೀರಿ ಎಂದು ಈ ಪತ್ರಿಕೆಗೆ ಬರುವ ಓಲೆಗಳಿಂದ ಗೊತ್ತು. ಸೋಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳು ಪುಣೆಯ ಕಾಲೇಜುಗಳಲ್ಲಿದ್ದಾರೆ. ಹಾಜರಿಯಲ್ಲಿ ಅವರ ಅಡ್ಡಹೆಸರು ಮರಾಠಿಯಂತೆ ಕಾಣುವುದರಿಂದ ನಮಗೆ ಗುರುತು ಸಿಗುವುದಿಲ್ಲ ಅಷ್ಟೇ. ತಿಂಗಳಿಗೆ ಮೂರು ಗಂಟೆ ಕೊಡುವುದಾದರೆ ಸಂಪಾದಕರ ಮೂಲಕ ನನಗೆ ತಿಳಿಸಿ. ಕೆಮಿಸ್ಟ್ರಿಯವರಿದ್ದರೆ ಬೇಗ ತಿಳಿಸಿ. ಪರೀಕ್ಷೆ ಫೆಬ್ರವರಿಯಲ್ಲಿದೆ, ಶಿರಸಿಯ ಹುಡುಗ ಜನವರಿಯಲ್ಲಿ ಥೀಸಿಸ್ ಬರೆಯಲು ಕೂರುತ್ತಾನಂತೆ.